ನೀರಿಲ್ಲದ ಕೃಪೆಯ ಬಾವಿ

ನಮ್ಮ ಕಲ್ಲಮಡ್ಡಿ ಕೇರಿಯ ಪ್ರಾರ್ಥನಾಲಯದ ಹಿಂದೆ ಒಂದು ಬಾವಿಯಿದೆ. ಬಾವಿ ಎಂದು ಕರೆಯುವುದೇ ಹೆಚ್ಚಾಯಿತು. ತೋಡಿದ ದಿನದಿಂದ ಇವತ್ತಿನವರೆಗೂ ಅದರಲ್ಲಿ ಒಂದು ತಂಬಿಗೆ ನೀರು ಹುಟ್ಟಿದ್ದಿಲ್ಲ. ಮಳೆಗಾಲದಲ್ಲಿ ಮೇಲಿನಿಂದ ಇಳಿದ ನೀರು ಕೆಲವು ದಿನ ಪಾಚಿಗಟ್ಟಿ ನಿಂತು ಆರಿಹೋಗುತ್ತದೆ, ಉಳಿದ ಕಾಲದಲ್ಲಿ ತಳದ ಕರಿಬಂಡೆ ಬೋಳಾಗಿ ಕಾಣುತ್ತಿರುತ್ತದೆ. ಆದರೂ ಇದರ ಹೆಸರು ಕೃಪೆಯ ಬಾವಿ. ಪೇಟೆಯಿಂದ ಬಂದವರು ಬಗ್ಗಿ ನೋಡುತ್ತಾರೆ, ಒಂದು ಹರಳು ಎಸೆಯುತ್ತಾರೆ, ಅದು ಬಂಡೆಗೆ ತಾಗಿ ಟಕ್ಕೆಂದಾಗ ಕಿಸಕ್ಕೆಂದು ನಗುತ್ತಾರೆ. 'ಇದೆಂಥಾ ಕೃಪೆ ಅಜ್ಜಾರ?' ಎಂದು ನನ್ನನ್ನೇ ಕೇಳುತ್ತಾರೆ. ನಗಲಿ ಪಾಪ, ನಗುವಂಥದ್ದೇ ಇದೆ. ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳಿ, ಉತ್ತರಕ್ಕೆ ನಿಲ್ಲದೆ ಫೋಟೋ ಹೊಡೆದುಕೊಂಡು ಗಾಡಿ ಹತ್ತುವವರ ಮೇಲೆ. ನಾನು ಈ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬ, ಬಾಗಿಲ ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಹಿಂದಿನವರು ಹೇಳಿದ್ದನ್ನು ನಾನು ಕೇಳಿಸಿಕೊಂಡಂತೆಯೇ ಹೇಳುತ್ತೇನೆ, ಮೇಲೆ ಬೆಲ್ಲ ಸವರುವ ಚಟ ನನಗಿಲ್ಲ.

ಮಿಶನ್ನಿನವರು ಈ ಮಡ್ಡಿಯ ಕಲ್ಲುದಿಬ್ಬದ ಮೇಲೆ ಒಂದಷ್ಟು ಮನೆ ಕಟ್ಟಿಸಿಕೊಟ್ಟು ಕೇರಿ ಎಬ್ಬಿಸಿದ ಹೊಸತರಲ್ಲಿ, ಎಂದರೆ ನನ್ನ ಅಜ್ಜಿಯ ತಾಯಿ ಇನ್ನೂ ಪರಕಾರ ಉಡುವ ಹುಡುಗಿಯಾಗಿದ್ದ ಕಾಲದಲ್ಲಿ, ಇಲ್ಲಿ ದಾನಿಯೇಲಪ್ಪ ಎಂಬ ಬಾವಿ ತೋಡುವವನಿದ್ದ. ಅವನ ಹೆಂಡತಿ ಸಾರವ್ವ. ದಾನಿಯೇಲಪ್ಪನ ಕೆಲಸದ ಜೊತೆಗಾರ ಪಕ್ಕದ ಊರಿನ ತಿರಕಪ್ಪ. ತಿರಕಪ್ಪ ನಮ್ಮ ಸಭೆಯವನಲ್ಲ, ಆದರೆ ಇಬ್ಬರೂ ಒಂದೇ ಬುತ್ತಿಯಲ್ಲಿ ರೊಟ್ಟಿ ಮುರಿದು ತಿನ್ನುವಷ್ಟು ಗೆಳೆಯರು. ಬಂಡೆ ಅಡ್ಡ ಬಂದರೆ ಆಗ ಮದ್ದು ತುಂಬಿ ಒಡೆಯುತ್ತಿದ್ದರು. ಒಬ್ಬ ಕೆಳಗಿಳಿದು ಬತ್ತಿಗೆ ಬೆಂಕಿ ಮುಟ್ಟಿಸಿ ಬುಟ್ಟಿಯಲ್ಲಿ ಕೂರಬೇಕು, ಮೇಲಿನವನು ಗಡಗಡಿ ಎಂಬ ರಾಟೆಯ ಹಗ್ಗ ಎಳೆದು, ಮದ್ದು ಸಿಡಿಯುವುದರೊಳಗೆ ಅವನನ್ನು ಹೊರಗೆ ತೆಗೆಯಬೇಕು. ಕೆಳಗಿನವನ ಜೀವ ಮೇಲಿನವನ ಹಗ್ಗದಲ್ಲಿ. ಅದಕ್ಕೇ ಹಗ್ಗ ನೋಡುವ ಕೆಲಸ ಯಾವಾಗಲೂ ಮೇಲಿನವನದು.

ಹೀಗಿರಲು ಒಮ್ಮೆ, ಒಬ್ಬ ಗೌಡರ ತೋಟದ ಬಾವಿಯಲ್ಲಿ ಕೆಲಸ ನಡೆದಿತ್ತು. ಆ ದಿನ ಹಗ್ಗದ ಎಳೆ ಬಿಚ್ಚಿಕೊಂಡಿದ್ದನ್ನು ತಿರಕಪ್ಪ ಬೆಳಗ್ಗೆಯೇ ಕಂಡಿದ್ದ. ಕಂಡೂ, 'ಇವತ್ತೊಂದ ದಿನಾ ತಾಳತೈತಿ ಬಿಡು' ಎಂದುಕೊಂಡ. ಮಧ್ಯಾಹ್ನ ದಾನಿಯೇಲಪ್ಪ ಬತ್ತಿ ಹಚ್ಚಿ ಬುಟ್ಟಿಯಲ್ಲಿ ಕೂತ. ಅರ್ಧ ಬಾವಿ ಏರುವಷ್ಟರಲ್ಲಿ ಹಗ್ಗ ಹರಿಯಿತು. ಮುಂದಿನದನ್ನು ನಾನು ಹೇಳುವುದಿಲ್ಲ, ನಮ್ಮ ಹಿರಿಯರೂ ಹೇಳುತ್ತಿರಲಿಲ್ಲ. ದಾನಿಯೇಲಪ್ಪನನ್ನು ಕಂಬಳಿಯಲ್ಲಿ ಸುತ್ತಿ ತಂದಾಗ ತಿರಕಪ್ಪ ಜೊತೆಗೇ ಬಂದ. ಸಾರವ್ವನ ಮುಂದೆ ನಿಂತು, 'ಹಗ್ಗಾ ಸವದಿದ್ದು ನಾ ನೋಡಿದ್ದೆ' ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಅವನೂ ಅಳಲಿಲ್ಲ. ಅಂದಿನಿಂದ ಅವರಿಬ್ಬರ ಮೈಯೊಳಗಿನ ದೀಪ ಯಾರೋ ಊದಿದಂತೆ ಆರಿಹೋಯಿತು ಎನ್ನುತ್ತಾರೆ. ಉಂಡರೆ ಉಪ್ಪು ಕಾರ ಗೊತ್ತಾಗುತ್ತಿರಲಿಲ್ಲವಂತೆ ತಿರಕಪ್ಪನಿಗೆ. ಬಿಸಿ ಹೆಂಚು ಮುಟ್ಟಿ ಕೈ ಸುಟ್ಟರೂ ನೋಡುತ್ತ ಕೂತಿರುತ್ತಿದ್ದನಂತೆ.

ಕೆಲಕಾಲದ ಮೇಲೆ ಅವನು ಭಾನುವಾರಗಳಂದು ಪ್ರಾರ್ಥನಾಲಯದ ಹೊರಗಟ್ಟೆಯ ಮೇಲೆ ಬಂದು ಕೂರತೊಡಗಿದ. ಆಗಿನ ಉಪದೇಶಿ ತಿಮೊಥಿಯಪ್ಪನವರು, ಕೇರಿಗೆಲ್ಲ ಅಯ್ಯನವರು, ಮೆತ್ತನೆಯ ಮನುಷ್ಯ. ಒಳಗೆ ಬಾ, ದೀಕ್ಷಾಸ್ನಾನ ಮಾಡಿಸಿಕೋ, ಕರ್ತನ ಮೇಜಿನಲ್ಲಿ ರೊಟ್ಟಿ ಮುರಿಯಲು ನಿನಗೂ ಜಾಗ ಇದೆ, ನಿನ್ನ ತಪ್ಪನ್ನು ಶಿಲುಬೆಯ ಮೇಲೆ ಹೊತ್ತವನೊಬ್ಬ ಆಗಲೇ ಇದ್ದಾನೆ ಎಂದು ಬಿಡದೆ ಕರೆದರು. ತಿರಕಪ್ಪ ಒಪ್ಪಲಿಲ್ಲ. ಕೇರಿಯ ಹೆಂಗಸರು ಆಗ ನೀರಿಗೆ ದೂರದ ಹಳ್ಳಕ್ಕೆ ಹೋಗುತ್ತಿದ್ದರು, ಪ್ರಾರ್ಥನಾಲಯದ ಹಿಂದಿನ ಮನೆಯ ಸಾರವ್ವನೂ ಹೋಗುತ್ತಿದ್ದಳು. 'ಅವಳ ಬಾಗಲದಾಗ ಬಾವಿ ತೋಡಿ ನೀರ ತರತೀನ್ರೀ ಅಯ್ಯನವರ. ಒಬ್ಬಾವನ ತೋಡತೀನಿ. ನೀರ ಬಿದ್ದ ದಿನಾ ಒಳಗ ಬರತೀನಿ. ಬಿಟ್ಟಿ ತಗೊಳ್ಳೂ ಮುಖಾ ಅಲ್ರೀ ನಂದು' ಎಂದ. ಅಯ್ಯನವರು, ಅದು ಬಿಟ್ಟಿಯೇ ಸಿಗುವಂಥದ್ದು, ದುಡಿದು ಪಡೆಯುವುದಕ್ಕೆ ಬರುವುದಿಲ್ಲ ಮಾರಾಯ ಎಂದು ಪರಿಪರಿಯಾಗಿ ಹೇಳಿದರಂತೆ. ಯಾರು ಕೇಳುತ್ತಾರೆ! ಅವನು ಗುದ್ದಲಿ ಹೊತ್ತು ಬಂದೇಬಿಟ್ಟ.

ವರ್ಷಗಟ್ಟಲೆ ತೋಡಿದ. ತಾನೇ ಅಗೆದು, ತಾನೇ ಬುಟ್ಟಿ ತುಂಬಿ, ಗೋಡೆಯಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಮೇಲೆ ಹತ್ತಿ, ತಾನೇ ಗಡಗಡಿಯಲ್ಲಿ ಮಣ್ಣು ಎಳೆಯುತ್ತಿದ್ದ. ಸಹಾಯಕ್ಕೆ ಬಂದವರನ್ನು ಗದರಿಸಿ ಓಡಿಸಿದ. ಗರಸು ಮಣ್ಣು ಮುಗಿದು ಹಾಸುಬಂಡೆ ಹತ್ತಿತು, ಅವನು ಮದ್ದನ್ನು ಮುಟ್ಟಲಿಲ್ಲ, ಉಳಿ ಸುತ್ತಿಗೆಯಲ್ಲೇ ಕಡಿದ. ಬಂಡೆಯ ಕೆಳಗೆ ಬಂಡೆಯೇ ಬಂತು, ಬೆವರು ಬಿಟ್ಟರೆ ಬೇರೆ ತೇವ ಬರಲಿಲ್ಲ. ಸಾರವ್ವ ದಿನಾ ಕೊಡ ಹೊತ್ತು ಅದೇ ದಾರಿಯಲ್ಲಿ ಹೋಗಿಬರುತ್ತಿದ್ದಳು. ಅವನು ತಲೆ ಎತ್ತುತ್ತಿರಲಿಲ್ಲ, ಅವಳು ಮಾತಾಡುತ್ತಿರಲಿಲ್ಲ. ಎರಡು ಜೀವ ಒಂದೇ ನೋವನ್ನು ಆಚೆ ಈಚೆ ಹಿಡಿದುಕೊಂಡು, ಒಂದು ಮಾತಿಲ್ಲದೆ ಸವೆದವು.

ಒಂದು ಸುಗ್ಗಿಯ ದಿನ ಕೇರಿಯೆಲ್ಲ ಹೊಲದಲ್ಲಿದ್ದಾಗ ಸಾರವ್ವನಿಗೆ ಉಳಿಯ ಸದ್ದು ಕೇಳಿಸಲಿಲ್ಲ. ಬಗ್ಗಿ ನೋಡಿದರೆ ತಿರಕಪ್ಪ ತಳದಲ್ಲಿ ಗೋಡೆಗೆ ಒರಗಿ ಬಿದ್ದಿದ್ದ. ಮೈ ಕೆಂಡವಾಗುವಂಥ ಜ್ವರ, ಬೆರಳುಗಳು ಮರಗಟ್ಟಿ ಮುಷ್ಟಿ ಕಟ್ಟಲು ಬಾರವು. ಗುಳಿ ಹಿಡಿದು ಹತ್ತುವುದು ಮುಗಿದ ಮಾತು. ಅವಳು ಓಡಿಹೋಗಿ ಅಯ್ಯನವರನ್ನು ಕರೆದು, ತನ್ನ ಮನೆಯ ಹಗ್ಗ ತಂದು ಗಡಗಡಿಗೆ ಹಾಕಿ ಬುಟ್ಟಿ ಇಳಿಸಿದಳು.

'ನೀರ ಬಿದ್ದಿಲ್ಲ ಯವ್ವಾ. ನಾ ಮ್ಯಾಲೆ ಬರೂದಿಲ್ಲ' ಎಂದ ಅವನು.

'ನಾ ನಿನ್ನ ನೀರ ಕೇಳಿದ್ನೇನು?' ಎಂದಳು ಸಾರವ್ವ. ಅಷ್ಟು ವರ್ಷಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. 'ಯಾರ ಕೇಳಿದ್ರು ನಿನ್ನ? ಕುಂಡ್ರು ಬುಟ್ಟ್ಯಾಗ.'

ಅವನು ತಲೆ ಎತ್ತಿ ಹಗ್ಗದತ್ತ ನೋಡಿದ. ಆಮೇಲೆ ಎಂಥ ಮಾತು ಕೇಳಿದ ನೋಡಿ, ಅದೂ ಅವಳ ಹತ್ತಿರ: 'ಹಗ್ಗಾ ನೋಡೀಯೇನು?'

ಸಾರವ್ವ ದನಿ ಏರಿಸಲಿಲ್ಲ. 'ನೋಡೀನಿ. ಎಳಿ ಎಳಿ ಬಿಡಿಸಿ ನೋಡೀನಿ. ಕುಂಡ್ರು.'

ಅವನು ತೆವಳಿ ಹೋಗಿ ಬುಟ್ಟಿಯಲ್ಲಿ ಕೂತ. ಹಿಡಿದುಕೊಳ್ಳಲು ಕೈಯಲ್ಲಿ ಬಲವಿರಲಿಲ್ಲ, ಮಡಿಚಿಕೊಂಡು ಕೂತ ಅಷ್ಟೆ. ಗಂಡನನ್ನು ಕಳೆದುಕೊಂಡವಳು ಎಳೆದಳು, ಅವನನ್ನು ಕಳೆದವನು ಮೇಲೆ ಬಂದ.

ಮುಂದಿನ ಭಾನುವಾರ ಸಾರವ್ವ ಹಳ್ಳದಿಂದ ತಂದ ನೀರಿನಲ್ಲೇ ಅವನಿಗೆ ದೀಕ್ಷಾಸ್ನಾನವಾಯಿತು. ರೊಟ್ಟಿಯ ತುಣುಕು ಹಿಡಿಯಲು ಬಾರದ್ದರಿಂದ ಅಯ್ಯನವರೇ ಬಾಯಿಗಿಟ್ಟರು. ಜನ ಅತ್ತರು, ಹಾಡಿದರು. ತಿರಕಪ್ಪ ಮಾತ್ರ ಕಲ್ಲಿನಂತೆ ಕೂತಿದ್ದ. ಕೊನೆಗೆ ಹೆದರಿಕೊಂಡು ಅಯ್ಯನವರ ಬಳಿ ಬಂದ. 'ನನಗೇನೂ ಅನಸವಲ್ದರೀ. ಸಂತೋಷಿಲ್ಲ, ಅಳೂನೂ ಬರವಲ್ದು. ನನಗ ಸಿಕ್ಕಿಲ್ಲೇನ್ರಿ ಹಂಗಾರ?' ಎಂದ. ಪಕ್ಕದಲ್ಲಿ ಚಾಪೆ ಸುತ್ತುತ್ತಿದ್ದ ಸಾರವ್ವ, 'ನನಗೂ ಏನೂ ಅನಸಂಗಿಲ್ಲ ತಿರಕಣ್ಣಾ. ಬುಟ್ಟ್ಯಾಗ ಕುಂತಾಗೂ ನಿನಗೇನೂ ಅನಸಿರಲಿಲ್ಲ. ಮ್ಯಾಲೆ ಬಂದ್ಯೋ ಇಲ್ಲೋ?' ಎಂದಳಂತೆ. ಅಯ್ಯನವರು ಆಮೇಲೆ ಎಷ್ಟೋ ಪ್ರಸಂಗ, ಉಪದೇಶ ಮಾಡಿದರು, ಯಾವುದೂ ಕೇರಿಯವರಿಗೆ ನೆನಪಿಲ್ಲ. ಈ ಮಾತು ಉಳಿಯಿತು.

ಕೇರಿಯ ಗಂಡಸರು ಬಾವಿಯನ್ನು ಇನ್ನಷ್ಟು ಇಳಿಸಿ ನೀರು ನೋಡೋಣವೆಂದರು. ಆಗದಿದ್ದರೆ ದನ ಬಿದ್ದಾವೆಂದು ಮುಚ್ಚಿಬಿಡೋಣವೆಂದರು. ತಿರಕಪ್ಪ ಎರಡೂ ಬೇಡವೆಂದ. 'ನೀರ ಬಿದ್ದಿದ್ರ ನಾ ತೀರಿಸಿದೆ ಅಂತಿದ್ದೆ. ಬೀಳಲಿಲ್ಲ. ಹಂಗ ಇರಲಿ ಅದು' ಎಂದ. ಸುತ್ತ ಒಂದು ಕಟ್ಟೆ ಕಟ್ಟಿ ಹಾಗೆಯೇ ಬಿಟ್ಟರು. ಕೃಪೆಯ ಬಾವಿ ಎಂದು ಮೊದಲು ಕರೆದವರು ಯಾರೆಂಬುದು ಗೊತ್ತಿಲ್ಲ. ಅಯ್ಯನವರು ಎಂದು ಕೆಲವರು, ಹಳ್ಳಕ್ಕೆ ಹೋಗುವ ಹೆಂಗಸರೇ ಎಂದು ನನ್ನ ಅಜ್ಜಿ. ತಿರಕಪ್ಪ ಆಮೇಲೆ ಉಳಿ ಮುಟ್ಟಲಿಲ್ಲ. ಪ್ರಾರ್ಥನಾಲಯದ ಕಸ ಗುಡಿಸಿಕೊಂಡು ಬದುಕಿದ. ಅವನು ಅತ್ತದ್ದನ್ನಾಗಲಿ ಬಾಯ್ತುಂಬ ನಕ್ಕದ್ದನ್ನಾಗಲಿ ಕಂಡವರಿಲ್ಲ. ಆದರೆ ಭಾನುವಾರ ಕರೆದಾಗ ಎದ್ದು ಹೋಗಿ ಮೇಜಿನ ಬಳಿ ಕೂರುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ.

ಬಾವಿ ನೋಡಿದವರನ್ನು ನಾನು ಮಡ್ಡಿಯ ಇಳಿಜಾರಿನ ಸಮಾಧಿಭೂಮಿಗೂ ಕರೆದೊಯ್ಯುತ್ತೇನೆ, ಕಾಲು ನೋವು ಎಂದು ಗೊಣಗಿದರೂ ಬಿಡುವುದಿಲ್ಲ. ಅಲ್ಲಿ ಬೇವಿನ ಮರದಡಿ ಮೂರು ಸಮಾಧಿಗಳು ಒತ್ತಿಕೊಂಡಿವೆ. ಮೊದಲನೆಯದು ದಾನಿಯೇಲಪ್ಪನದು, ಮೂರನೆಯದು ಸಾರವ್ವನದು. ಗಂಡಹೆಂಡಿರ ನಡುವೆ ಮಲಗಿದವನು ಯಾರು, ಮಗನೇ ಎಂದು ಬಂದವರು ಕೇಳುತ್ತಾರೆ. ತಿರಕಪ್ಪ ತೀರಿಕೊಂಡ ದಿನ, ಗಂಡನ ಮಗ್ಗುಲಲ್ಲಿ ತನಗೆಂದು ಬಿಟ್ಟಿದ್ದ ಜಾಗದಲ್ಲೇ ತೋಡಿ ಎಂದಳಂತೆ ಸಾರವ್ವ. ಸಭೆಯ ಹಿರಿಯರು ಗುದ್ದಲಿ ಹಿಡಿದು ಹಾಗೇ ನಿಂತರಂತೆ. 'ಅದು ನಿನ್ನ ಜಾಗಾ ಅಲ್ಲೇನ ಯವ್ವಾ' ಎಂದರೆ, ಅವಳು ಸೆರಗು ಸರಿಮಾಡಿಕೊಂಡು, 'ನನಗ ಇವನ ಆಚೀ ಕಡೆ ಐತಲ್ಲ' ಎಂದಳಂತೆ.