ಸಾಕು ಎನ್ನದ ಅಪ್ಪಣೆ

"ಗುರುಗಳೇ, ನಮ್ಮ ಮನೆತನ ಐದು ತಲೆಮಾರಿನಿಂದ ಈ ಮಠದ ಗ್ರಂಥಭಂಡಾರವನ್ನು ಕಾಯ್ದುಕೊಂಡು ಬಂದಿದೆ. ನಮ್ಮ ಮುತ್ತಜ್ಜನ ಕಾಲದಲ್ಲಿ ಒಂದು ಓಲೆಯೂ ಗೆದ್ದಲಿನ ಪಾಲಾಗಲಿಲ್ಲ. ಇಂದಿನವರೆಗೆ ನಮ್ಮವರತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ಹೀಗಿರುವಾಗ ನನ್ನ ಕೈಕೆಳಗಿನ ಸರ್ವರ್ ನನ್ನ ಮಾತನ್ನೇ ಏಕೆ ಕೇಳುತ್ತಿಲ್ಲ?"

ವಿಜಯಾಂಬಿಕೆ ಇಷ್ಟನ್ನೂ ನಿಂತುಕೊಂಡೇ ಗುರುಗಳನ್ನು ಕೇಳಿದಳು. ಗುರುಗಳು ಹೊಳೆಯ ಕಡೆಗಿನ ಜಗಲಿಯಲ್ಲಿ ಕುಳಿತಿದ್ದರು. ಮಧ್ಯಾಹ್ನ ಇಳಿಯುತ್ತಿತ್ತು.

ಭಂಡಾರದ ಓಲೆಗಳ ಚಿತ್ರಗಳೆಲ್ಲ ಆ ಒಂದೇ ಯಂತ್ರದಲ್ಲಿದ್ದವು. ಎಂಟು ದಿನಗಳಿಂದ ಒಂದು ಪ್ರೋಗ್ರಾಂ ಅದರ ಪ್ರೊಸೆಸರಿನ ಸಮಯವನ್ನೆಲ್ಲ ನುಂಗುತ್ತಿತ್ತು. ಓದಲು ಬಂದವರು ಒಂದು ಓಲೆ ಕೇಳಿ, ಊಟ ಮುಗಿಸಿ ಬಂದರೂ ಅದು ತೆರೆದಿರುತ್ತಿರಲಿಲ್ಲ. ವಿಜಯಾಂಬಿಕೆ ಆ ಪ್ರೋಗ್ರಾಮನ್ನು ನಾಲ್ಕು ಸಲ ಕೊಂದಳು. ನಾಲ್ಕು ಸಲವೂ ಅದು ಎದ್ದು ಕುಳಿತಿತು. ತೊಂದರೆ ಶುರುವಾದದ್ದು, ಓಲೆಗಳ ಚಿತ್ರ ತೆಗೆಯುವ ಹೇಮಾಕ್ಷಿ ಹೊಸದೊಂದು ಕಟ್ಟಿನ ಚಿತ್ರಗಳನ್ನು ಸೇರಿಸಿದ ದಿನ. ಬೇರೆ ಸಾಕ್ಷಿ ಏಕೆ ಬೇಕು? ಓದುಗರ ಮುಂದೆಯೇ ಅವಳನ್ನು ಬೈದದ್ದಾಗಿತ್ತು. ಕೆಲಸದಿಂದ ಬಿಡಿಸುವ ಪತ್ರವೂ ಸಿದ್ಧವಾಗಿತ್ತು. ಗುರುಗಳ ಸಹಿ ಬೀಳಬೇಕಿತ್ತು, ಅಷ್ಟೇ.

"ಹದಿನಾಲ್ಕು ವರ್ಷ ಇಲ್ಲೇ ದುಡಿದವಳು. ಅವಳಿಗೆ ಬೇರೆ ಆಸರೆ ಇಲ್ಲ" ಎಂದರು ಗುರುಗಳು. "ಇರಲಿ. ಆ ಪ್ರೋಗ್ರಾಂ ಅಷ್ಟು ಹೊತ್ತೂ ಏನು ಮಾಡುತ್ತಿತ್ತು?"

"ಅದನ್ನು ಕೇಳುವುದೇನು, ಗುರುಗಳೇ? ತಪ್ಪು ಮಾಡುತ್ತಿತ್ತು. ಕೊಂದೆ."

ಗುರುಗಳು ಪತ್ರಕ್ಕೆ ಕೈ ಚಾಚಲಿಲ್ಲ. ಕತೆ ಹೇಳಿದರು.

ಒಂದು ಹೊಳೆ. ಅದಕ್ಕೆ ಒಂದೇ ದೋಣಿ, ಒಬ್ಬನೇ ಅಂಬಿಗ. ದೋಣಿ ಕಟ್ಟಿಸಿದವರು ದಡದ ದೊಡ್ಡಮನೆಯವರು. ಆದ್ದರಿಂದ ದೊಡ್ಡಮನೆಯ ಆಳು ದೋಣಿಗೆ ಕಾಲಿಟ್ಟರೆ ಅದು ಇನ್ನಾರಿಗೂ ಕಾಯಬಾರದು, ಇನ್ನಾರನ್ನೂ ಹತ್ತಿಸಿಕೊಳ್ಳಬಾರದು. ಊರಿನ ಪದ್ಧತಿ ಅದು.

ಒಮ್ಮೆ ಆ ಮನೆಯ ಒಡತಿ ತನ್ನ ಅಳಿಯನ ದಾರಿ ನೋಡುತ್ತಿದ್ದಳು. ಆಳನ್ನು ಕರೆದು, ಆಚೆ ದಡಕ್ಕೆ ಹೋಗಿ ನೋಡು, ಅಳಿಯ ಬಂದಿಲ್ಲದಿದ್ದರೆ ಈಚೆ ಬಂದು ಮತ್ತೆ ಹೋಗು, ಸಿಗುವವರೆಗೆ ನಿಲ್ಲಬೇಡ ಎಂದಳು. ಬಾಗಿಲ ಕಾವಲುಗಾರನಿಗೆ, ಇವನು ಬಿದ್ದರೆ ಆ ಗಳಿಗೆಯಲ್ಲೇ ಇನ್ನೊಬ್ಬನನ್ನು ಕಳಿಸು ಎಂದಳು. ಆಮೇಲೆ ಅವಳು ಒಳಗೆ ಹೋದಳು. ಆಡಿದ ಮಾತು ಹೊರಗೇ ಉಳಿಯಿತು.

ಹೊಳೆಯ ಮೇಲೆ ಮಂಜಿತ್ತು. ಆಳು ಹೋದ, ನೋಡಿದ, ಬಂದ. ಹೋದ, ನೋಡಿದ, ಬಂದ. ದಿನಗಳು ಕಳೆದಂತೆ ಯಾವುದು ಆಚೆ ದಡ, ಯಾವುದು ಈಚೆ ದಡ ಎಂಬುದೇ ಅವನಿಗೆ ಮರೆತುಹೋಯಿತು. ನೀರಿನಲ್ಲಿ ತನ್ನ ನೆರಳು ಕಂಡರೆ ಅದನ್ನೂ ಕೇಳಿದ: ಅಳಿಯಂದಿರು ಬಂದರೇ? ನೆರಳೂ ಅದನ್ನೇ ಕೇಳಿತು.

ದಡದಲ್ಲಿ ಜನ ನಿಂತೇ ಇದ್ದರು. ಒಬ್ಬ ರೈತನ ತಲೆಯ ಮೇಲೆ ಭತ್ತದ ಸಸಿ ಬಾಡಿತು. ಸೂಲಗಿತ್ತಿ ದಾಟುವ ಮೊದಲೇ ಆಚೆ ದಡದಲ್ಲಿ ಮಗು ಹುಟ್ಟಿ ಅತ್ತದ್ದು ಕೇಳಿಸಿತು. ಒಬ್ಬ ಬಳೆಗಾರ ಕೂಗಿದ: "ಏನಯ್ಯಾ, ಹೊಳೆಯನ್ನೇ ನೇಯುತ್ತಿದ್ದೀಯಾ? ಸೀರೆಗೆ ಇನ್ನೆಷ್ಟು ಮೊಳ ಬಾಕಿ?"

ಕೊನೆಗೆ ರೈತ ರೇಗಿ ಆ ಆಳನ್ನು ದೋಣಿಯಿಂದ ಎಳೆದು ಹಾಕಿದ. ಮಂಜಿನೊಳಗಿಂದ ಇನ್ನೊಬ್ಬ ಆಳು ಬಂದ. ಅದೇ ರುಮಾಲು, ಅದೇ ನಡಿಗೆ. ದೋಣಿಯಲ್ಲಿ ಅದೇ ಜಾಗದಲ್ಲಿ ಕುಳಿತ.

ಅಂಬಿಗನೊಬ್ಬನೇ ಅವನನ್ನು ಕೇಳಿದ: "ಅಣ್ಣಾ, ಯಾರಿಗಾಗಿ ಈ ಓಡಾಟ?"

"ಅಳಿಯಂದಿರಿಗಾಗಿ. ಸಿಗುವವರೆಗೆ ನೋಡು ಅಂದರು. ಸಾಕು ಅಂತ ಯಾರೂ ಹೇಳಲಿಲ್ಲ."

ಅಂಬಿಗ ಹುಟ್ಟು ಕೆಳಗಿಟ್ಟು ದೊಡ್ಡಮನೆಗೆ ಹೋದ. ಹಿತ್ತಿಲಲ್ಲಿ ಅಳಿಯನ ಚಪ್ಪಲಿಗಳು ಕಂಡವು. ಅಳಿಯ ಒಂದು ದಿನದ ದಾರಿಯಷ್ಟು ಮೇಲಕ್ಕೆ ಹೋಗಿ, ನೀರು ಇಳಿದ ಕಡೆ ನಡೆದೇ ದಾಟಿ, ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಮಹಡಿಯ ಮೇಲೆ ನಿದ್ದೆ ಹೋಗಿದ್ದ. ಅಷ್ಟು ದೊಡ್ಡ ಮನೆ ಅದು. ಒಂದು ಅಂಕಣದ ಸುದ್ದಿ ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ಅಂಬಿಗ ಮುಂಬಾಗಿಲಲ್ಲಿ ನಿಂತು ಹೇಳಿದ. ಒಡತಿ, ನನ್ನ ಅಳಿಯನ ಸುದ್ದಿ ನಿನ್ನಿಂದ ತಿಳಿಯಬೇಕೇ ಎಂದು ಅವನನ್ನು ದೋಣಿಯಿಂದಲೇ ಬಿಡಿಸಿದಳು. ಮರುದಿನ ಹೊಸ ಅಂಬಿಗ ಬಂದ. ಆಳು ಹೋದ, ನೋಡಿದ, ಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಒಡತಿ ಎದ್ದು ಹಿತ್ತಿಲಿಗೆ ಹೋಗಿ ನೋಡಲಿಲ್ಲವೇ?" ಎಂದಳು ವಿಜಯಾಂಬಿಕೆ.

"ಇನ್ನೂ ಹೋಗಿಲ್ಲ."

ವಿಜಯಾಂಬಿಕೆ ಭಂಡಾರಕ್ಕೆ ಹೋದಳು. ಈ ಸಲ ಪ್ರೋಗ್ರಾಮನ್ನು ಕೊಲ್ಲಲಿಲ್ಲ. ಅದರ ಎದುರು ಕುಳಿತು, ಅದು ಏನು ಮಾಡುತ್ತಿದೆ ಎಂದು ನೋಡಿದಳು. ಪರದೆಯ ಮೇಲೆ ಒಂದೇ ಸಾಲು ಮಳೆಯ ಹಾಗೆ ಇಳಿಯುತ್ತಿತ್ತು: ಚಿತ್ರಗಳು ಬಂದವೇ? ಇಲ್ಲ. ಬಂದವೇ? ಇಲ್ಲ. ಅದು ಹಳೆಯ ಫೋಲ್ಡರಿನಲ್ಲಿ ಹುಡುಕುತ್ತಿತ್ತು. ಹೇಮಾಕ್ಷಿ ಚಿತ್ರಗಳನ್ನು ಮಠದ ಹೊಸ ಏರ್ಪಾಟಿನಂತೆ ಹೊಸ ಫೋಲ್ಡರಿನಲ್ಲಿ ಇಟ್ಟಿದ್ದಳು. ಸಿಗುವವರೆಗೆ ಹುಡುಕು ಎಂದು ಬರೆದದ್ದು ವಿಜಯಾಂಬಿಕೆ. ಸತ್ತರೆ ಮತ್ತೆ ಎಬ್ಬಿಸು ಎಂದು ಬರೆದವಳೂ ಅವಳೇ.

ಆಗ ಅವಳಿಗೆ ನೆನಪಾಯಿತು. ತೊಂದರೆ ಶುರುವಾದ ದಿನ ಬೆಳಿಗ್ಗೆ ಹೇಮಾಕ್ಷಿ ಮೇಜಿನ ಬಳಿ ಬಂದು, "ವಿಜಯಕ್ಕಾ, ಚಿತ್ರಗಳ ಜಾಗ ಬದಲಾಗಿದೆ. ನಿಮ್ಮ ಪ್ರೋಗ್ರಾಮಿಗೂ ತಿಳಿಸಬೇಕೇನೋ" ಎಂದಿದ್ದಳು. "ನೀನು ನಿನ್ನ ಕ್ಯಾಮೆರಾ ನೋಡಿಕೋ" ಎಂದು ತಾನು ಉತ್ತರಿಸಿದ್ದೂ ನೆನಪಾಯಿತು.

ಅವಳು ಹೊಸ ಜಾಗವನ್ನು ಬರೆದಳು. ಸಿಗದಿದ್ದರೆ ಒಂದು ಗಂಟೆ ಮಲಗಿ ಮತ್ತೆ ನೋಡು, ಹತ್ತು ಸಲ ನೋಡಿಯೂ ಸಿಗದಿದ್ದರೆ ನಿಲ್ಲಿಸಿ ನನಗೆ ತಿಳಿಸು ಎಂದೂ ಬರೆದಳು. ಯಂತ್ರದ ಫ್ಯಾನಿನ ಸದ್ದು ಇಳಿಯಿತು. ಓದುವ ಕೋಣೆಯಲ್ಲಿ ಯಾರೋ "ಅಬ್ಬಾ, ಬಂತಪ್ಪಾ!" ಎಂದರು.

ಜಗಲಿಗೆ ಮರಳಿದಾಗ ಹೊಳೆಯ ನೀರು ಬಂಗಾರದ ಬಣ್ಣಕ್ಕೆ ತಿರುಗಿತ್ತು.

"ದೋಷ ಸಿಕ್ಕಿತು, ಗುರುಗಳೇ. ತಿದ್ದಿದೆ. ಪತ್ರವನ್ನು ಹರಿದು ಹಾಕಿದೆ. ಹೇಮಾಕ್ಷಿ ನಾಳೆಯಿಂದ ಎಂದಿನಂತೆ ಕೆಲಸಕ್ಕೆ ಬರಲಿ. ಈ ಮಾತು ನಮ್ಮಿಬ್ಬರಲ್ಲೇ ಮುಗಿಯಲಿ."

ಗುರುಗಳು ಅವಳ ಮುಖ ನೋಡಿದರು.

"ಬೈದದ್ದು ಓದುಗರ ಮುಂದೆ, ಹೋಗಿ ಹೇಮಾಕ್ಷಿಯ ಕ್ಷಮೆಯನ್ನೂ ಅವರ ಮುಂದೆಯೇ ಕೇಳು."