ಬೊಮ್ಮಯ್ಯನ ಹೊರೆಗಲ್ಲು

ಹಿರೇಕೋಟೆಯ ಬಾಗಿಲಿನೆದುರು, ಕಲ್ಲುಗುಡ್ಡದಿಂದ ಇಳಿದು ಬರುವ ಕಾಲುದಾರಿಯ ಪಕ್ಕದಲ್ಲಿ, ಎರಡು ನಿಲುವುಗಲ್ಲುಗಳ ಮೇಲೆ ಒಂದು ಚಪ್ಪಡಿ ಅಡ್ಡಲಾಗಿ ಕೂತಿದೆ. ಕೆತ್ತನೆಯಿಲ್ಲ, ಶಾಸನವಿಲ್ಲ. ಕೋಟೆ ನೋಡಲು ಬರುವವರು ಅದರ ಮೇಲೆ ಹತ್ತಿ ಕೂತು, ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರೋ ಪುಣ್ಯಾತ್ಮರು ಪಕ್ಕದಲ್ಲೊಂದು ಫಲಕ ನೆಟ್ಟು, ‘ಬೇಟೆಗಾರ ದೊರೆ ವಿಶ್ರಮಿಸುತ್ತಿದ್ದ ಪೀಠ’ ಎಂದು ಬರೆಸಿದ್ದಾರೆ. ಅದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಆ ದೊರೆ ಯಾವ ಕಲ್ಲಿನ ಮೇಲೂ ಕೂರಲಿಲ್ಲ. ಅವನು ಕೂತದ್ದು ಕುದುರೆಯ ಮೇಲೆ. ಅವನ ಹೆಸರನ್ನು ನಮ್ಮ ಹಟ್ಟಿಯಲ್ಲಿ ಇಂದಿಗೂ ಯಾರೂ ಬಾಯಲ್ಲಿ ತರುವುದಿಲ್ಲ, ನಾನೂ ತರುವುದಿಲ್ಲ. ಕಲ್ಲಿನ ಹೆಸರು ಮಾತ್ರ ಹೇಳುತ್ತೇನೆ. ಅದು ಬೊಮ್ಮಯ್ಯನ ಹೊರೆಗಲ್ಲು.

ಹಿಂದೆ ಒಮ್ಮೆ, ಕೋಟೆಯಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಗುಡ್ಡದಾಚೆಯ ಕಾಡಿನಲ್ಲಿ ಬಿದ್ದ ಬೇಟೆಯನ್ನು ಹೊತ್ತು ತರುವ ಕೆಲಸ ನಮ್ಮ ಹಟ್ಟಿಯವರದಾಗಿತ್ತು ಎನ್ನುತ್ತಾರೆ. ಆ ಕೆಲಸಕ್ಕೊಂದು ಕಟ್ಟಳೆಯಿತ್ತು. ಹೆಗಲಿಗೇರಿದ ಬೇಟೆ ಊರ ಮುಂದಿನ ಬೇಟೆದೇವರು ಬೇಟೆರಂಗನ ಕಟ್ಟೆ ಸೇರುವವರೆಗೆ ನೆಲ ಮುಟ್ಟಬಾರದು. ಮುಟ್ಟಿದರೆ ಮುಂದೆ ಕಾಡು ಏನನ್ನೂ ಕೊಡುವುದಿಲ್ಲ ಎಂಬ ನಂಬಿಕೆ. ಆದ್ದರಿಂದ ಪ್ರಾಣಿ ಬಿದ್ದಲ್ಲೇ ಕೊಯ್ದು, ಮಾಂಸವನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಒಬ್ಬೊಬ್ಬರು ಹೊರುವಷ್ಟು ಗಂಟು ಕಟ್ಟುತ್ತಿದ್ದರು. ದಣಿವಾದರೆ ಗಂಟನ್ನು ಮರದ ಕೊಂಬೆಗೆ ತೂಗುಹಾಕಿ ಉಸಿರು ಬಿಡುತ್ತಿದ್ದರು. ದಾರಿಯಲ್ಲಿ ಎದುರಾದವರು ಯಾರೇ ಆಗಲಿ ನಾಲ್ಕು ಹೆಜ್ಜೆ ಹೆಗಲು ಕೊಡಬೇಕು, ಹಾಗೆ ಕೊಟ್ಟವರಿಗೂ ಪಾಲು ಸಿಗಬೇಕು. ಹೀಗೆ ಎಷ್ಟೋ ತಲೆಮಾರು ನಡೆದಿತ್ತು, ಯಾರೂ ಸತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪಾಳೆಯಗಾರನ ಮಗ ಚಿಕ್ಕದೊರೆ ಕಾಡಿನ ಒಳಗೊಳಗೆ, ಕೊರಕಲಿನ ತಳದಲ್ಲಿ ಒಂದು ಭಾರೀ ಕಡವೆಯನ್ನು ಕೆಡವಿದ. ಹೊರೆಯಾಳುಗಳ ಹಿರಿಯ ಕಾಟಯ್ಯ ಚೂರಿ ತೆಗೆದಾಗ ಚಿಕ್ಕದೊರೆ ತಡೆದ. ಅವನಿಗೆ ಹೆಣ್ಣು ಕೊಡುವವರು ಕೋಟೆಗೆ ಬಂದಿದ್ದರು. ಕಡವೆ ಇಡಿಯಾಗಿ, ಕೊಂಬು ಸಮೇತ, ಅವರ ಕಣ್ಣೆದುರು ಬರಬೇಕಾಗಿತ್ತು! ಕಾಟಯ್ಯ ಕೈಮುಗಿದು, ಇಡೀ ಕಡವೆಯ ಭಾರ ತಡೆಯುವ ಕೊಂಬೆ ದಾರಿಯಲ್ಲಿಲ್ಲ, ಕಲ್ಲುಗುಡ್ಡದ ಇಳಿಜಾರಿನಲ್ಲಂತೂ ಮರವೇ ಇಲ್ಲ, ಎಲ್ಲಿ ನಿಂತು ಸುಧಾರಿಸಿಕೊಳ್ಳುವುದು ಎಂದು ಬೇಡಿಕೊಂಡ. ಚಿಕ್ಕದೊರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡವೆಯ ಕಾಲು ಕಟ್ಟಿ, ಬೊಂಬಿಗೆ ಏರಿಸಿ, ಮುಂದೆ ಇಬ್ಬರು ಹಿಂದೆ ಇಬ್ಬರು ಹೆಗಲು ಕೊಟ್ಟರು. ಮುಂದಿನವರಲ್ಲಿ ಒಬ್ಬ ಕಾಟಯ್ಯ, ಇನ್ನೊಬ್ಬ ಅವನ ತಮ್ಮ ಬೊಮ್ಮಯ್ಯ. ಕೊರಕಲು ಹತ್ತುವಾಗ ಬೊಮ್ಮಯ್ಯನ ಕಾಲು ಜಾರಿ, ಬೊಂಬಿನ ತುದಿ ಅವನ ಎದೆಗೆ ಬಡಿಯಿತು. ಅವನು ಬಾಯಲ್ಲಿ ಬಂದ ರಕ್ತ ಉಗುಳಿ ಮತ್ತೆ ಹೆಗಲು ಕೊಟ್ಟ.

ಕಲ್ಲುಗುಡ್ಡ ಇಳಿಯುತ್ತಾ ಕೋಟೆ ಕಣ್ಣಿಗೆ ಬಿದ್ದಾಗ ಅವನಿಗೆ ಉಸಿರು ಕಟ್ಟತೊಡಗಿತು.

“ಅಣ್ಣಾ, ಒಂದೀಟು ಇಳಿಸಾನ. ಎದೆ ಹಿಡೀತೈತೆ.”

“ನೆಲ ಮುಟ್ಟಂಗಿಲ್ಲ ಕಣಪ್ಪ. ಇನ್ನೊಂದೀಟು ದೂರ, ತಡಕೋ,” ಎಂದ ಕಾಟಯ್ಯ. ಹಾಗಂದು, ಪಕ್ಕದಲ್ಲೇ ಕುದುರೆಯ ಮೇಲೆ ಬರುತ್ತಿದ್ದ ಚಿಕ್ಕದೊರೆಯನ್ನು ಕಟ್ಟಳೆಯ ಪ್ರಕಾರವೇ ಕೇಳಿದ: “ದೊರೆ, ನನ್ನ ತಮ್ಮಗೆ ಆಗ್ತಿಲ್ಲ. ನಾಲ್ಕೆಜ್ಜೆ ಹೆಗಲು ಕೊಡ್ರಿ.”

“ಹೆಗಲು ಕೊಡೋಕೆ ನಾನೇನು ನಿಮ್ಮ ಹಟ್ಟಿಯವನೇನೋ? ನಡೀರಿ!”

ಅವರು ನಡೆದರು. ಈ ಕಲ್ಲು ಇರುವ ಜಾಗಕ್ಕೆ ಬಂದಾಗ ಬೊಮ್ಮಯ್ಯ ಮುಗ್ಗರಿಸಿದ, ಬೊಂಬು ಮುರಿಯಿತು. ಕಡವೆ ನೆಲ ಮುಟ್ಟಲಿಲ್ಲ. ಅದರ ಕೆಳಗೆ ಬೊಮ್ಮಯ್ಯ ಇದ್ದ. ಚಿಕ್ಕದೊರೆ ಕುದುರೆಯಿಂದ ಧುಮುಕಿ ಓಡಿ ಬಂದು ಮೊದಲು ತಡವಿ ನೋಡಿದ್ದು ಕೊಂಬನ್ನು. ಮುರಿದಿಲ್ಲ ತಾನೇ ಎಂದು ಕೇಳಿದನಂತೆ. ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಂತಾಗುತ್ತದೆ. ಕಾಟಯ್ಯ ಮತ್ತು ಉಳಿದಿಬ್ಬರು ಹೊರೆಯಾಳುಗಳು ಸೇರಿ ಕಡವೆಯನ್ನು ಮಣ್ಣಿಗೆ ಉರುಳಿಸಿದರು, ಉಸಿರು ನಿಂತಿದ್ದ ತಮ್ಮನನ್ನು ಕಂಬಳಿಯಲ್ಲಿ ಎತ್ತಿಕೊಂಡು ಹಟ್ಟಿಯ ದಾರಿ ಹಿಡಿದರು. ಹುಲ್ಲು ತರುತ್ತಿದ್ದ ಹೆಂಗಸರು, ಕುರಿಯವರು, ಎದುರಾದವರೆಲ್ಲ ಆ ಕಂಬಳಿಗೆ ಕೈ ಕೊಟ್ಟರು. ಕಡವೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಕೋಟೆ ಬಾಗಿಲಲ್ಲೇ ಉಬ್ಬಿ ನಾರಿತು, ಹೆಣ್ಣಿನ ಕಡೆಯವರು ಮೂಗು ಮುಚ್ಚಿಕೊಂಡು ಊರು ಬಿಟ್ಟರು.

ದೊಡ್ಡದೊರೆ ತಾನೇ ಹಟ್ಟಿಗೆ ಬಂದು, ಬೊಮ್ಮಯ್ಯನ ಹೆಂಡತಿ ತಿಪ್ಪವ್ವನಿಗೆ ಹೊಲ ಬಿಟ್ಟುಕೊಡುತ್ತೇನೆ ಎಂದ. ಆಕೆ ಅವನ ಕಡೆ ನೋಡಲೂ ಇಲ್ಲ, ಕಾಟಯ್ಯನ ಕಡೆ ತಿರುಗಿದಳು. “ಭಾವ, ನೆಲ ಮುಟ್ಟಬಾರದು ಅಂದ ನಿಮ್ಮ ಬೇಟೆರಂಗ, ನನ್ನ ಗಂಡನ ಎದೆ ಮುಟ್ಟಬೌದು ಅಂದಿದ್ನಾ?” ಎಂದಳು. ಚಿಕ್ಕದೊರೆಯ ಮೇಲಿನ ಸಿಟ್ಟಿನಲ್ಲಿ ನಾವು ಮರೆಯುವ ಮಾತು ಇದು, ಆಕೆ ಮರೆಯಲಿಲ್ಲ. ಆಮೇಲೆ ದೊಡ್ಡದೊರೆಗೆ ಹೇಳಿದಳು: “ಹೊಲ ನೀವೇ ಇಟ್ಕಳ್ರಿ. ಅವನು ಬಿದ್ದ ಜಾಗದಾಗೆ ಹೊರೆ ಇಳಿಸೋಕೊಂದು ಕಲ್ಲು ನಿಲ್ಲಿಸ್ರಿ. ನೆಲಾನೂ ಮುಟ್ಟಬಾರದು, ಹೊತ್ತೋನೂ ಸಾಯಬಾರದು. ಆ ಕಲ್ಲು ನಿಮ್ಮ ಮಗ ಹೊರಬೇಕು.”

ಕೋಟೆಯವರೇ ಗುಡ್ಡದಿಂದ ಚಪ್ಪಡಿ ಹೊತ್ತು ತಂದರು, ಮುಂದಿನ ಹೆಗಲು ಚಿಕ್ಕದೊರೆಯದು ಎನ್ನುತ್ತಾರೆ. ಇಳಿಸಬೇಡ ಎನ್ನಲು ಹಟ್ಟಿಯವರೆಲ್ಲ ದಾರಿಯುದ್ದಕ್ಕೂ ನಿಂತಿದ್ದರು. ಎಷ್ಟು ಎತ್ತರಕ್ಕೆ ಕೂರಿಸಬೇಕೆಂದು ಕಲ್ಲುಕುಟಿಗ ಕೇಳಿದಾಗ ತಿಪ್ಪವ್ವ ನಿಲುವುಗಲ್ಲಿಗೆ ಮೈ ತಾಗಿಸಿ ನಿಂತು, ತನ್ನ ಹಣೆಯ ಮಟ್ಟಕ್ಕೆ ಕೈಯಿಟ್ಟು ತೋರಿಸಿದಳು. ಬೊಮ್ಮಯ್ಯನ ಹೆಗಲು ಅವಳಿಗೆ ಅಲ್ಲಿಗೆ ಬರುತ್ತಿತ್ತು.

ಬೇಟೆ ನಿಂತು ಎಷ್ಟೋ ಕಾಲವಾಯಿತು. ಸೌದೆ, ಹುಲ್ಲು ಹೊತ್ತು ಗುಡ್ಡ ಇಳಿಯುವ ಹೆಂಗಸರು ಈಗಲೂ ಚಪ್ಪಡಿಯ ಮೇಲೆ ಹೊರೆ ಇಳಿಸಿ, ಅದರ ಅಂಚಿಗೆ ಹಣೆಯಾನಿಸಿ ಒಂದು ಗಳಿಗೆ ನಿಲ್ಲುತ್ತಾರೆ. ನೋಡಿದವರು ಯಾವ ದೇವರೆಂದು ಕೇಳುತ್ತಾರೆ. ಕೆಲವರು ಚಪ್ಪಲಿ ಬಿಟ್ಟು ಕೈಯನ್ನೂ ಮುಗಿಯುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಕೈ ಮುಗಿಯಬೇಡಿ, ಆ ತಾಯಿಗೆ ಹೊರೆ ಮತ್ತೆ ತಲೆಗೇರಿಸಲು ಒಂದು ಕೈ ಕೊಡಿ.