ಚಿಕ್ಕಲಿಂಗನ ಬ್ಯಾಟರಿ ಕಾವಲು

ಕೂತ್ಕೊಳ್ಳಿ, ಹೇಳ್ತೀನಿ. ನಗು ಬಂದರೆ ನಕ್ಕುಬಿಡಿ. ಆದರೆ ಆ ತಾಯಿ ಜಾಗದಲ್ಲಿ ನಿಂತು ಕೇಳಿದರೆ ನಗು ಅಷ್ಟು ಸುಲಭಕ್ಕೆ ಬರೋದಿಲ್ಲ.

ಕೊಳ್ಳೇಗಾಲದ ಹತ್ತಿರ ಒಂದೂರು. ಅಲ್ಲಿ ಸಿದ್ದಾಜಮ್ಮ ಅನ್ನೋಳು ರೇಷ್ಮೆ ಹುಳ ಸಾಕಿಕೊಂಡಿದ್ದಳು. ಅವಳಿಗೊಬ್ಬ ಮಗ ಚಿಕ್ಕಲಿಂಗ, ಒಬ್ಬಳು ಮಗಳು ಸುಗುಣ. ಮಗಳು ಚುರುಕು. ಮಗ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದು ಒಳ್ಳೇದೇ ಅಲ್ವಾ ಅಂತೀರಿ. ಅವನನ್ನ ಒಂದು ದಿನ ನಿಮ್ಮ ಮನೇಲಿ ಇಟ್ಕೊಂಡು ನೋಡಿ. "ಹುಳ ಸಾಕೋದು ಬುಟ್ರೆ ಇವ್ನ ತಲೆಗೆ ಇನ್ನೇನೂ ಹತ್ತಲ್ವಲ್ಲಪ್ಪ" ಅಂತ ತಾಯಿ ಹಣೆ ಚಚ್ಚಿಕೊಳ್ಳೋಳು.

ಸುಗುಣಂಗೆ ನರ್ಸಿಂಗ್ ಓದೋ ಆಸೆ. ಒಂದು ಆಸ್ಪತ್ರೆಯವರು ಪುಕ್ಕಟೆ ಸೀಟು ಕೊಡ್ತಿದ್ದರು. ಪರೀಕ್ಷೆ ಮನೇಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯೋದು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತೆ, ಇರೋದು ಇದೊಂದೇ ಅವಕಾಶ. ಅದಕ್ಕೇಂತ ಒಂದು ಹಳೇ ಲ್ಯಾಪ್‌ಟಾಪ್ ಕೊಂಡಿದ್ದಳು. ಚಾರ್ಜರ್ ಚುಚ್ಚಿದ್ದರೆ ಓಡುತ್ತೆ, ಕಿತ್ತರೆ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತೆ. ಅಷ್ಟರಲ್ಲಿ ಲೈನ್‌ಮನ್ ಬಂದು ಗುರುವಾರ ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟ್ ಇಲ್ಲ ಅಂತ ಹೇಳಿ ಹೋದ. ಪರೀಕ್ಷೆಯೂ ಅದೇ ಗುರುವಾರ, ಎರಡು ಗಂಟೆ ಹೊತ್ತು. ನಡುವೆ ಲ್ಯಾಪ್‌ಟಾಪ್ ನಿಂತರೆ ಸೀಟು ಹೋಯ್ತು.

ಹುಳಗಳು ಗಬಗಬ ಸೊಪ್ಪು ತಿನ್ನೋ ಸಮಯ. ತಾಯಿ, ಮಗಳು ಕದಲೋ ಹಾಗಿಲ್ಲ. ಬೇರೆ ದಾರಿಯಿಲ್ಲದೆ ಚಿಕ್ಕಲಿಂಗನನ್ನೇ ಕೊಳ್ಳೇಗಾಲಕ್ಕೆ ಕಳಿಸಿದರು. ರಿಪೇರಿ ಅಂಗಡಿ ನಯಾಜ್ ಬಿಚ್ಚಿ ನೋಡಿದ.

"ಹಳೇ ಬ್ಯಾಟರಿ ಸತ್ತೋಗಿತ್ತು, ಬೇರೆ ಹಾಕಿದೀನಿ. ಇದೂ ಹೊಸದಲ್ಲ, ಆದ್ರೂ ಎರಡು ಗಂಟೆ ಎಳೆಯುತ್ತೆ. ಬಿಸಿ ಆಗೋಕ್ ಬಿಡಬೇಡ, ತಣ್ಣಗಿಟ್ಕೊ."

ತಣ್ಣಗಿಡೋದು ಚಿಕ್ಕಲಿಂಗನಿಗೆ ಗೊತ್ತಿಲ್ಲದ ವಿದ್ಯೆಯೇ? ಬೇಸಿಗೇಲಿ ಹುಳದ ಮನೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟೋನೇ ಅವನು. ಬಸ್ ಸ್ಟ್ಯಾಂಡಿನ ನಲ್ಲಿ ಕೆಳಗೆ ಗೋಣಿಚೀಲ ನೆನೆಸಿದ, ಲ್ಯಾಪ್‌ಟಾಪ್ ಸುತ್ತಿದ, ತಲೆ ಮೇಲೆ ಹೊತ್ತುಕೊಂಡು ಬಂದ. ಕೆನ್ನೆ ಮೇಲೆ ನೀರು ಇಳೀತಿತ್ತು.

ನೋಡಿದ ಸುಗುಣ ಓಡಿ ಬಂದು ಗೋಣಿಚೀಲ ಬಿಚ್ಚಿದಳು. ಪುಣ್ಯಕ್ಕೆ ನಯಾಜ್ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಸುತ್ತಿಕೊಟ್ಟಿದ್ದ. ಒಳಗೆ ಹನಿ ಹೋಗಿರಲಿಲ್ಲ.

"ಇದಕ್ಕೆ ನೀರ್ ತಾಗಿಸ್ತಾರೇನ್ಲಾ?" ಅಂತ ತಾಯಿ ಬೈದಳು. "ಬಿಸಿ ಆದ್ರೆ ಚಾರ್ಜರ್ ಕಿತ್ತು ಸುಮ್ಕೆ ಬುಡ್ಬೇಕು ಕಣ್ಲಾ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಬುಧವಾರ ಬೆಳಗ್ಗೆ ಲ್ಯಾಪ್‌ಟಾಪನ್ನ ಚಾರ್ಜಿಗೆ ಹಾಕಿ ತಾಯಿ ಮಗಳು ಸೊಪ್ಪು ಕೊಯ್ಯೋಕೆ ಹೋದರು. ಚಿಕ್ಕಲಿಂಗ ಪಕ್ಕದಲ್ಲೇ ಕೂತು ಮುಟ್ಟಿ ಮುಟ್ಟಿ ನೋಡಿದ. ಸ್ವಲ್ಪ ಬೆಚ್ಚಗಾಯ್ತು. ಚಾರ್ಜಿಗೆ ಹಾಕಿದ್ದು ಯಾವುದೂ ಬೆಚ್ಚಗಾಗದೆ ಇರುತ್ತಾ? ಅವನಿಗೇನು ಗೊತ್ತು. ಹೇಳಿದ ಹಾಗೇ ಚಾರ್ಜರ್ ಕಿತ್ತ. ಕಿತ್ತು ಸುಮ್ಮನಿದ್ದರೆ ಚೆನ್ನಾಗಿತ್ತು.

ಹುಳ ಪೊರೆ ಬಿಡೋ ಮುಂಚೆ ತಿನ್ನೋದು ಬಿಟ್ಟು ಮಲಗುತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಆಗ ಸೊಪ್ಪು ಹಾಕಬಾರದು, ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಇದರ ಮೈಯೂ ಬಿಸಿ, ಇದೂ ಅಲ್ಲಾಡದೆ ಮಲಗಿದೆ, ಪಾಪ, ಇದಕ್ಕೂ ಜ್ವರವೇ ಅಂದುಕೊಂಡ. ಮುಚ್ಚಳ ತೆಗೆದು ಜರಡಿಯಲ್ಲಿ ಸುಣ್ಣ ಆಡಿಸಿದ. ಒಂದು ಅಕ್ಷರ ಕಾಣದ ಹಾಗೆ ಬೆಳ್ಳಗಾಯ್ತು.

ಮಧ್ಯಾಹ್ನ ಬಂದು ನೋಡಿದರೆ ಚಾರ್ಜ್ ಆಗಿಲ್ಲ, ಕೀಬೋರ್ಡಿನ ಗುಂಡಿಗಳ ಸಂದಿಯಲ್ಲೆಲ್ಲ ಸುಣ್ಣ. ಸುಗುಣ ಅಳಲಿಲ್ಲ. ಅಳೋಕೂ ಹೊತ್ತಿರಲಿಲ್ಲ. ಹಳೇ ಬ್ರಷ್ ಹಿಡಿದು ಕೂತಳು. ಒಂದೊಂದೇ ಸಂದಿ ಉಜ್ಜಿ ಸುಣ್ಣ ಕೆಡವಿದಳು. ಗುಂಡಿ ಒತ್ತಿದಾಗ ಪರದೆ ಬೆಳಗಿತು, ಉಸಿರು ಬಂತು. ಮತ್ತೆ ಚಾರ್ಜರ್ ಚುಚ್ಚಿದಳು.

ತಾಯಿ ಮಗನ ಕಿವಿ ಹಿಡಿದಳು. "ಇನ್ಮ್ಯಾಕೆ ಇದು ಇರೋ ಕ್ವಾಣೆಗೆ ಯಾರೂ ಕಾಲಿಡಕೂಡ್ದು. ನೀನೂ ಇಡಬ್ಯಾಡ, ಯಾರ್ನೂ ಬುಡಬ್ಯಾಡ, ನಾನು ಬಂದ್ರೂ ಬುಡಬ್ಯಾಡ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಬಾಗಿಲಿಗೆ ಅಡ್ಡ ಕೂತ. ಕೂತೋನು ಏಳಲಿಲ್ಲ. ಬೆಳಗಾಯ್ತು, ಬ್ಯಾಟರಿ ತುಂಬಿತು, ಕರೆಂಟ್ ಹೋಯ್ತು, ಪರೀಕ್ಷೆ ಹೊತ್ತೂ ಬಂತು. ಸುಗುಣ ಒಳಗೆ ಹೋಗೋಕೆ ಬಂದರೆ ಕೈ ಅಡ್ಡ ಇಟ್ಟ.

"ಅಣ್ಣ, ಹೊತ್ತಾಯ್ತು, ಬಿಡಣ್ಣ."

"ಅವ್ವ ಬುಡಬ್ಯಾಡ ಅಂದವ್ಳೆ."

ಹುಳದ ಮನೆಯಿಂದ ತಾಯಿ ಓಡಿ ಬಂದಳು. "ಅವಳೊಬ್ಬಳನ್ನ ಬುಡ್ಲಾ, ನಮ್ಮಪ್ಪ. ಬ್ಯಾರೆ ಯಾರ್ನೂ ಬುಡಬ್ಯಾಡ." ಆಗ ಬಿಟ್ಟ.

ಒಳಗೆ ಲ್ಯಾಪ್‌ಟಾಪಿನ ಕ್ಯಾಮೆರಾ ಕಣ್ಣಿಟ್ಟು ನೋಡ್ತಿತ್ತು. ಬರೆಯೋಳನ್ನ ಬಿಟ್ಟು ಇನ್ನೊಂದು ಮುಖ ಕಂಡರೆ ಪರೀಕ್ಷೆ ರದ್ದು. ಸುಗುಣ ಪರದೆ ಬೆಳಕು ತಗ್ಗಿಸಿಕೊಂಡು ಬರೆದಳು. ಮೊದಲ ಗಂಟೆ ಬ್ಯಾಟರಿ ಚೆನ್ನಾಗೇ ಎಳೀತು. ಆಮೇಲೆ ಜರ್ರನೆ ಇಳಿಯೋಕೆ ಹಿಡೀತು. ಬೆಳಕು ಇನ್ನಷ್ಟು ತಗ್ಗಿಸಿದಳು. ಪ್ರಶ್ನೆಗಳು ಇನ್ನೂ ಇದ್ದವು. ಪರದೆ ಮೇಲೆ ಬ್ಯಾಟರಿ ಗುರುತು ಕೆಂಪಗಾದಾಗ ಅವಳಿಗೆ ಅರಿವಿಲ್ಲದೆ "ಅಯ್ಯೋ ಅವ್ವಾ" ಅಂತ ಬಾಯಿಂದ ಬಂದುಬಿಡ್ತು.

ಕರೆದದ್ದು ಕೇಳಿ ಸುಮ್ಮನಿರೋ ತಾಯಿ ಉಂಟೇ? ಕ್ಯಾಮೆರಾ ಗೀಮೆರಾ ಎಲ್ಲ ಮರೆತು ನುಗ್ಗಿದಳು. ಚಿಕ್ಕಲಿಂಗ ಎರಡು ಕೈಯಲ್ಲೂ ಬಾಗಿಲು ತುಂಬಿ ನಿಂತ. ತಳ್ಳಿದಳು, ಕದಲಲಿಲ್ಲ. ಹೊಡೆದಳು, ಕದಲಲಿಲ್ಲ. "ನೀನೇ ಅಂದಿದ್ದಲ್ವವ್ವ" ಅಂತಲೇ ಏಟು ತಿಂದ.

ಆಚೆ ಇವರ ಗುದ್ದಾಟ, ಈಚೆ ಅವಳ ಬರವಣಿಗೆ. ಕೊನೇ ಉತ್ತರ ಬರೆದು ಕಳಿಸಿದಳು, ಹೋಯ್ತು ಅಂತ ಪರದೆ ಮೇಲೆ ಬಂತು, ಲ್ಯಾಪ್‌ಟಾಪ್ ಕಪ್ಪಗಾಯ್ತು.

"ಅವ್ವ, ನೀನು ಒಳಕ್ ತಲೆ ಹಾಕಿದ್ರೆ ಎಲ್ಲಾ ಮುಗೀತಿತ್ತು. ಅಣ್ಣ ಉಳಿಸ್ದ" ಅಂದಳು ಸುಗುಣ. ತಾಯಿ ಮಗನನ್ನ ತಬ್ಬಿಕೊಂಡು ಅತ್ತಳು. "ಇದೊಂದು ಸರಿಯಾಗಿ ಮಾಡ್ದೆ ಕಣೋ ಕೂಸೆ. ಇನ್ಮ್ಯಾಕೂ ಹಿಂಗೇ ಮಾಡು."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಅಲ್ಲೇ ಕೆಟ್ಟಿದ್ದು. ಕೆಲವು ದಿನ ಕಳೆದ ಮೇಲೆ ಆಸ್ಪತ್ರೆಯ ಮೇಡಂ ಒಬ್ಬರು ಜೀಪಿನಲ್ಲಿ ಬಂದರು. ಸುಗುಣ ಪಾಸಾಗಿದ್ದಳು, ಹುಡುಗಿಯನ್ನೂ ಮನೆಯನ್ನೂ ಕಂಡು ಸೀಟು ಖಾತ್ರಿ ಮಾಡೋಕೆ ಬಂದಿದ್ದರು. ತಾಯಿ ಮಗಳು ತೋಟದಲ್ಲಿದ್ದರು. ಬಾಗಿಲಲ್ಲಿ ಚಿಕ್ಕಲಿಂಗ.

"ಒಳಗೆ ಕೂತು ಕಾಯ್ತೀವಪ್ಪ" ಅಂದರು ಮೇಡಂ.

"ಯಾರ್ನೂ ಬುಡಕ್ಕಿಲ್ಲ. ಹೆತ್ತವ್ವನ್ನೇ ಬುಟ್ಟಿಲ್ಲ ನಾನು."

ಮೇಡಂ ಮುಖ ಕೆಂಪಾಯ್ತು. ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ತಾರೆ? ಜೀಪಿಗೆ ಹತ್ತಿದರು. ಸೊಪ್ಪಿನ ಹೊರೆ ಬಿಸಾಕಿ ತಾಯಿ ಮಗಳು ಓಡಿ ಬಂದರು, ಕೈ ಮುಗಿದರು. ಮೇಡಂ ಕರಗಲಿಲ್ಲ. "ಮನೆಗೆ ಬಂದವರನ್ನ ಹೀಗೆ ನಡೆಸಿಕೊಳ್ಳೋರು ರೋಗಿಗಳನ್ನ ಹೇಗೆ ನೋಡ್ಕೋತಾರೆ? ಈ ಸೀಟು ಬೇರೆಯವರಿಗೆ ಹೋಗಲಿ" ಅಂದುಬಿಟ್ಟರು. ತಾಯಿ ಮಗನ ಕಡೆ ತಿರುಗಿ, ದನಿ ಒಡೆದು ಹೇಳಿದಳು:

"ಮನೆಗ್ ಬಂದೋರ್ನ ಹಿಂಗ್ ಕಳಿಸ್ತಾರೇನ್ಲಾ ಪಾಪಿ? ಉಣ್ಣದೆ ಹೋಗಕ್ಕೆ ಬುಡಬಾರ್ದು ಕಣ್ಲಾ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ" ಅಂದವನೇ ಜೀಪಿನ ಹಿಂದಕ್ಕೆ ಹೋಗಿ ಚಕ್ರದ ಪಕ್ಕ ಕೂತ. ಬುಸ್ ಅಂತು. ಇನ್ನೊಂದು ಕಡೆಯಿಂದಲೂ ಬುಸ್ ಅಂತು. ಡ್ರೈವರ್ ಇಳಿದು ನೋಡೋವಷ್ಟರಲ್ಲಿ ನಾಲ್ಕು ಚಕ್ರದ ಗಾಳಿಯೂ ಹೋಗಿತ್ತು.

ಗಾಳಿ ಹಾಕೋನು ಬರಬೇಕಾದರೆ ಕೊಳ್ಳೇಗಾಲದಿಂದಲೇ ಬರಬೇಕು. ಮೇಡಂ ಇಳಿದರು, ಕೂತರು, ಬೇರೆ ದಾರಿಯಿಲ್ಲದೆ ಉಂಡರು. ಬಡಿಸ್ತಾ ಬಡಿಸ್ತಾ ಸುಗುಣ ಸುಣ್ಣದಿಂದ ಹಿಡಿದು ಕೊನೇ ಉತ್ತರದವರೆಗೆ ಎಲ್ಲಾ ಹೇಳಿದಳು. ಎರಡನೇ ಮುದ್ದೆಗೆ ಮೇಡಂ ನಕ್ಕರು. ಕೈ ತೊಳೆದು ಬಂದು ಸೀಟಿನ ಕಾಗದಕ್ಕೆ ಸಹಿ ಹಾಕಿದರು.

ಚಿಕ್ಕಲಿಂಗ ಜೀಪಿನ ಪಕ್ಕ ಕೈ ಕಟ್ಟಿ ನಿಂತು ತಾಯಿ ಮುಖ ನೋಡ್ತಿದ್ದ, ಮುಂದೇನು ಮಾಡ್ಲಿ ಅಂತ. ಸಿದ್ದಾಜಮ್ಮ ಬುದ್ಧಿ ಹೇಳೋಕೆ ಬಾಯಿ ತೆರೆದಳು. ಹೆದರಿ ಮುಚ್ಚಿಕೊಂಡಳು.